ಹೆಬ್ಬೆರಳ ತುದಿಗೆ ಮಣಿಯುವ ಪಾದ

ಹುಟ್ಟಿ ವಾರ ಕಳೆದ ಕೂಸು. ಎಡಪಾದ ಒಳಕ್ಕೆ ಹೊರಳಿ, ಅಂಗಾಲು ಇನ್ನೊಂದು ಕಾಲಿನತ್ತ ಮುಖ ಮಾಡಿದೆ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿದೆ. ಹೇಗಾದರೂ ನೇರ ಮಾಡಿಕೊಡಿ ಎಂದು ಹೆತ್ತವರು ಮೂಳೆ ವೈದ್ಯರ ಮುಂದೆ ಕೂತಿದ್ದಾರೆ. ವೈದ್ಯರು ಆ ಪುಟ್ಟ ಪಾದವನ್ನು ಹಿಡಿದು ಮೊದಲು ಮಾಡುವ ಕೆಲಸ ನೋಡಿದರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಒಳಕ್ಕೆ ತಿರುಗಿರುವ ಪಾದವನ್ನು ಅವರು ಹೊರಕ್ಕೆ ತಿರುಗಿಸುವುದೇ ಇಲ್ಲ! ಹೆಬ್ಬೆರಳ ಬುಡವನ್ನು ಮೆಲ್ಲಗೆ ಎತ್ತಿ, ಪಾದದ ಮುಂಭಾಗವನ್ನು ಇನ್ನಷ್ಟು ಒಳಕ್ಕೇ ಹೊರಳಿಸುತ್ತಾರೆ. ಸೊಟ್ಟಗಿದ್ದದ್ದು ಮತ್ತಷ್ಟು ಸೊಟ್ಟಗಾದಂತೆ ಕಾಣುತ್ತದೆ. ಅದೇ ಭಂಗಿಯಲ್ಲಿ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಸುತ್ತಿ, ಮುಂದಿನ ವಾರ ಬನ್ನಿ ಎಂದು ಕಳಿಸುತ್ತಾರೆ.

ಮತ್ತು ಅದೇ ಸರಿಯಾದ ದಾರಿ! ವಾರಕ್ಕೊಂದರಂತೆ ಐದೋ ಆರೋ ಪ್ಲಾಸ್ಟರ್. ಅಷ್ಟರಲ್ಲಿ ಪಾದ ತಿರುಗಿ, ಹೊರಮುಖವಾಗಿ, ಅಂಗಾಲು ನೆಲಕ್ಕೆ ಒಪ್ಪುವ ಹಾಗೆ ಬಂದು ನಿಂತಿರುತ್ತದೆ. ದೊಡ್ಡ ಆಪರೇಷನ್ ಇಲ್ಲ, ಪಾದದೊಳಕ್ಕೆ ಕಂಬಿ ಇಲ್ಲ, ಕೋಟಿ ಬೆಲೆಯ ಯಂತ್ರವಿಲ್ಲ. ಹತ್ತಿ, ಪ್ಲಾಸ್ಟರ್ ಪಟ್ಟಿ, ನೀರು, ಮತ್ತು ಎಲ್ಲಿ ಒತ್ತಬೇಕೆಂದು ಬಲ್ಲ ಒಂದು ಹೆಬ್ಬೆರಳು. ಕ್ಲಬ್‌ಫುಟ್ ಎಂದು ಆಸ್ಪತ್ರೆಗಳಲ್ಲಿ, ಸೊಟ್ಟಪಾದ ಎಂದು ನಮ್ಮ ಮನೆಗಳಲ್ಲಿ ಕರೆಯುವ ಈ ತೊಂದರೆಯ ಚಿಕಿತ್ಸೆಯನ್ನು ಓದುತ್ತಾ ಹೋದಂತೆ, ಇಷ್ಟು ಸರಳವಾದದ್ದನ್ನು ಜಗತ್ತು ಇಷ್ಟು ತಡವಾಗಿ ನಂಬಿತಲ್ಲ ಎಂಬ ಬೆರಗೇ ನನ್ನಲ್ಲಿ ಹೆಚ್ಚುತ್ತಾ ಹೋಯಿತು.

ನಾಲ್ಕು ತಿರುವುಗಳ ಗಂಟು

ಇದು ಅಪರೂಪದ ಕಾಯಿಲೆಯೇನಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೀಗಾಗಿರುತ್ತದೆ. ಭಾರತದಲ್ಲಿ ವರ್ಷಕ್ಕೆ 2 ಕೋಟಿಗೂ ಹೆಚ್ಚು ಹೆರಿಗೆಗಳಾಗುತ್ತವೆ. ಅಂದರೆ 20 ಸಾವಿರಕ್ಕೂ ಹೆಚ್ಚು ಕೂಸುಗಳು ಪ್ರತಿ ವರ್ಷ ಸೊಟ್ಟಪಾದದೊಂದಿಗೆ ಕಣ್ಣು ಬಿಡುತ್ತವೆ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಇಮ್ಮಡಿ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ತಿರುಗಿರುತ್ತವೆ.

ಹೊರನೋಟಕ್ಕೆ ಒಂದೇ ತಿರುವು. ಒಳಗೆ ನೋಡಿದರೆ ನಾಲ್ಕು! ಅಂಗಾಲಿನ ನಡುವೆ ಆಳವಾದ ಕಮಾನು. ಪಾದದ ಮುಂಭಾಗ ಒಳಕ್ಕೆ ಬಾಗಿದೆ. ಹಿಮ್ಮಡಿ ಒಳಕ್ಕೆ ವಾಲಿದೆ. ಇಡೀ ಪಾದ ಕಾಲಗಿಣ್ಣಿನಿಂದ ಕೆಳಮುಖವಾಗಿ ಜಗ್ಗಿಕೊಂಡಿದೆ. ಹಿಂದೆ ಮತ್ತು ಒಳಬದಿಯಲ್ಲಿ ಎಲುಬಿಗೆ ಎಲುಬು ಕಟ್ಟಿರುವ ಅಸ್ಥಿರಜ್ಜುಗಳು ದಪ್ಪವಾಗಿ ಬಿಗಿದಿವೆ, ಮೀನಖಂಡ ತುಸು ಸಣ್ಣಗಿದೆ. ಕೂಸಿಗೆ ಮಾತ್ರ ಇದರ ಪರಿವೆಯೇ ಇಲ್ಲ. ನೋವಿಲ್ಲ, ಹಾಯಾಗಿ ಕಾಲು ಬಡಿಯುತ್ತದೆ. ಕಷ್ಟ ಶುರುವಾಗುವುದು ಎದ್ದು ನಿಂತಾಗ. ಹಾಗೇ ಬಿಟ್ಟರೆ ಮಗು ಪಾದದ ಹೊರ ಅಂಚಿನ ಮೇಲೆ, ಕೆಲವೊಮ್ಮೆ ಮೇಲ್ಪಾದದ ಮೇಲೇ ನಡೆಯಲು ಕಲಿಯುತ್ತದೆ. ಅಲ್ಲಿನ ಚರ್ಮ ದಡ್ಡುಗಟ್ಟಿ, ಬಿರಿದು, ದೊಡ್ಡವರಾಗುವ ಹೊತ್ತಿಗೆ ಒಂದೊಂದು ಹೆಜ್ಜೆಯೂ ನೋವು.

ಆದರೆ ಹುಟ್ಟಿದ ಕೂಸಿನ ಪಾದದಲ್ಲಿ ಒಂದು ಗುಟ್ಟಿದೆ. ದೊಡ್ಡವರ ಪಾದದಲ್ಲಿ 26 ಮೂಳೆಗಳು. ಕೂಸಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಮೂಳೆಯೇ ಆಗಿಲ್ಲ, ಮೆದುವಾದ ಮೃದ್ವಸ್ಥಿ. ಮೂಳೆಗಳನ್ನು ಅವುಗಳ ಜಾಗಕ್ಕೆ ತಂದಿಟ್ಟರೆ ಆ ಹೊಸ ಒತ್ತಡಕ್ಕೆ ಅವುಗಳ ಆಕಾರವೇ ತಿದ್ದಿಕೊಳ್ಳುತ್ತದೆ. 2001ರಲ್ಲಿ ಎಂ.ಆರ್.ಐ. ಚಿತ್ರಗಳು ಇದನ್ನು ಕಣ್ಣಾರೆ ತೋರಿಸಿದವು. ವೈದ್ಯರು ಕೀಲು ಸರಿ ಮಾಡುತ್ತಾರೆ, ಮೂಳೆ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ!

ಗ್ರಹಣದ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ

ಬಸುರಿ ಗ್ರಹಣ ನೋಡಿದಳು, ಅದಕ್ಕೇ ಹೀಗಾಯಿತು ಎಂಬ ಮಾತು ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ಪಾಪ, ಬಾಣಂತಿಯ ಕಣ್ಣಲ್ಲಿ ನೀರು ತರಿಸುವುದನ್ನು ಬಿಟ್ಟರೆ ಆ ಮಾತಿನಿಂದ ಏನೂ ಆಗದು. ಗರ್ಭದಲ್ಲಿ ಪಾದ ಮೊದಲು ಸರಿಯಾಗಿಯೇ ಮೂಡಿ ಬೆಳೆಯುತ್ತಿರುತ್ತದೆ. ತಿರುವು ಬೀಳುವುದು ನಡುವಿನ ಮೂರು ತಿಂಗಳಲ್ಲಿ. ಹಾಗಾಗಿಯೇ 16 ವಾರಕ್ಕೆ ಮೊದಲಿನ ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದು ಅಪರೂಪ; 20 ವಾರದ ಆಸುಪಾಸಿನ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಬಾರಿ ಗೊತ್ತಾಗುತ್ತದೆ.

ಯಾಕೆ ತಿರುಗುತ್ತದೆ? ಇಲ್ಲಿ ಅವಳಿ ಮಕ್ಕಳು ಒಂದು ಸುಳಿವು ಕೊಡುತ್ತಾರೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸೊಟ್ಟಪಾದವಿದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಸುಮಾರು ಮೂರರಲ್ಲೊಂದು. ಬೇರೆ ಬೇರೆ ಅಂಡದ ಅವಳಿಗಳಲ್ಲಿ ಅದು ನೂರಕ್ಕೆ ಮೂರು ಮಾತ್ರ. ಅಂದರೆ ವಂಶವಾಹಿಯ ಕೈವಾಡ ಇದ್ದೇ ಇದೆ, ಆದರೆ ಅದೊಂದೇ ಅಲ್ಲ! ಕಾಲು ಮೂಡುವಾಗ ಕೆಲಸ ಮಾಡುವ ಪಿಐಟಿಎಕ್ಸ್1 ಎಂಬ ವಂಶವಾಹಿಯಲ್ಲಿನ ದೋಷವನ್ನು 2008ರಲ್ಲಿ ಒಂದು ಕುಟುಂಬದಲ್ಲಿ ಗುರುತಿಸಿದರು. ತಾಯಿಯ ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ. ಬಹುಪಾಲು ಮಕ್ಕಳಲ್ಲಿ ಪಾದವೊಂದನ್ನು ಬಿಟ್ಟು ಬೇರೇನೂ ತೊಂದರೆ ಇರುವುದಿಲ್ಲ; ಸುಮಾರು ಐದರಲ್ಲೊಂದು ಮಗುವಿಗೆ ಬೆನ್ನುಹುರಿಯ ದೋಷವೋ ಬೇರೆ ಕೀಲುಗಳ ಬಿಗಿತವೋ ಜೊತೆಗಿರಬಹುದು. ಅದಕ್ಕೇ ವೈದ್ಯರು ಪಾದ ನೋಡುವ ಮುನ್ನ ಬಟ್ಟೆ ಬಿಚ್ಚಿಸಿ ಇಡೀ ಮಗುವನ್ನು ನೋಡುತ್ತಾರೆ.

ಗಡಿಯಾರದಂಗಡಿಯ ಹುಡುಗ

ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಕ್ ವೈದ್ಯ ಹಿಪಾಕ್ರಟಿಸ್‌ನ ಪರಂಪರೆಯ ಬರಹಗಳೇ ಇದನ್ನು ಹೇಳಿದ್ದವು: ಹುಟ್ಟಿದ ಕೂಡಲೇ ಶುರುಮಾಡಿ, ಮೆಲ್ಲಗೆ ತಿರುಗಿಸಿ, ಪಟ್ಟಿ ಕಟ್ಟಿ, ಸರಿಯಾದ ಮೇಲೂ ತುಸು ಹೊರಮುಖವಾಗಿಯೇ ಇಡಿ. ಎಷ್ಟು ಹತ್ತಿರ ಬಂದಿದ್ದರು! ಆಮೇಲೆ ಶತಮಾನಗಟ್ಟಲೆ ತಿರುಪು ಯಂತ್ರಗಳು, ಬಲಪ್ರಯೋಗ. 1930ರ ದಶಕದಲ್ಲಿ ಅಮೆರಿಕದ ಡಾ. ಹೈರಮ್ ಕೈಟ್ ಮತ್ತೆ ಮೆದು ಕೈಯ ಪ್ಲಾಸ್ಟರ್ ಹಿಡಿದರು. ಆದರೆ ಅವರ ವಿಧಾನದಲ್ಲಿ ಒಂದೊಂದು ಮಗುವಿಗೂ ಎರಡು ವರ್ಷದ ಹತ್ತಿರ ಹಿಡಿಯುತ್ತಿತ್ತು. ತಾಳ್ಮೆಗೆಟ್ಟ ಜಗತ್ತು ಚಾಕು ಹಿಡಿಯಿತು. ಅಲ್ಲಲ್ಲಿ ಮೊದಲೇ ನಡೆಯುತ್ತಿದ್ದ, ಬಿಗಿದದ್ದನ್ನೆಲ್ಲ ಕತ್ತರಿಸಿ ಬಿಡಿಸುವ ಆಪರೇಷನ್‌ಗಳು 1970ರ ದಶಕದಿಂದ ಎಲ್ಲೆಡೆ ಹಬ್ಬಿದವು. ಪಾದ ನೋಡಲು ನೇರವಾಯಿತು ನಿಜ. ಒಳಗೆ ಕಲೆಗಟ್ಟಿ ಬಿಗಿಯಾಯಿತು. ಮೂವತ್ತು ದಾಟುವ ಹೊತ್ತಿಗೆ ನೋವು, ಸಂಧಿವಾತ.

ಇದರ ನಡುವೆ ಬರುತ್ತಾರೆ ಇಗ್ನಾಸಿಯೊ ಪೊನ್ಸೆಟಿ. 1914ರ ಜೂನ್ 3ರಂದು ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದವರು. ತಂದೆ ಗಡಿಯಾರ ರಿಪೇರಿಯವರು. ಹುಡುಗ ಅಂಗಡಿಯಲ್ಲಿ ಕೂತು ಸಣ್ಣ ಸಣ್ಣ ಚಕ್ರಗಳ ಕೆಲಸ ಕಲಿತ. ಬಾರ್ಸಿಲೋನಾದಲ್ಲಿ ವೈದ್ಯಕೀಯ ಓದಿ ಮುಗಿಸುತ್ತಿದ್ದ ಹಾಗೇ, 1936ರಲ್ಲಿ, ಅಂತರ್ಯುದ್ಧ ಭುಗಿಲೆದ್ದಿತು. ಗಾಯಾಳುಗಳ ಮುರಿದ ಮೂಳೆ ಕೂಡಿಸುತ್ತಲೇ ಅವರು ಮೂಳೆ ವೈದ್ಯರಾದರು. ಎದುರು ಪಕ್ಷದ ದಂಡನಾಯಕ ಫ್ರಾಂಕೊನ ಸೇನೆ ಹತ್ತಿರ ಬಂದಾಗ ಕಳ್ಳಸಾಗಣೆದಾರರ ನೆರವು ಪಡೆದು ಗಾಯಾಳುಗಳನ್ನು ಪಿರನೀಸ್ ಬೆಟ್ಟ ದಾಟಿಸಿ ಫ್ರಾನ್ಸಿಗೆ ಮುಟ್ಟಿಸಿದರು! ತಾವೂ ದೇಶ ಬಿಟ್ಟರು. ಮೆಕ್ಸಿಕೊದಲ್ಲಿ ಎರಡು ವರ್ಷ ಊರ ವೈದ್ಯರಾಗಿದ್ದು, 1941ರಲ್ಲಿ ಅಮೆರಿಕದ ಅಯೋವಾಕ್ಕೆ ಹೋಗಿ ಡಾ. ಆರ್ಥರ್ ಸ್ಟೈಂಡ್ಲರ್ ಅವರ ಬಳಿ ಕಲಿಯತೊಡಗಿದರು.

ಅಲ್ಲಿ ಅವರಿಗೆ ಸಿಕ್ಕ ಕೆಲಸ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡುವುದು. ಹಿಂದೆ ಆಪರೇಷನ್ ಮಾಡಿಸಿಕೊಂಡಿದ್ದ ಸೊಟ್ಟಪಾದದ ಮಕ್ಕಳು ಈಗ ದೊಡ್ಡವರಾಗಿದ್ದರು. ಅವರ ಪಾದಗಳು ಬಿಗಿಯಾಗಿ, ಬಲಗುಂದಿ, ನೋಯುತ್ತಿದ್ದವು. ಎಲ್ಲೋ ಏನೋ ತಪ್ಪಿದೆ ಎನ್ನಿಸಿತು. ಪೊನ್ಸೆಟಿ ಶವಪರೀಕ್ಷೆಯ ಮೇಜಿಗೆ ಹೋದರು, ಪಾದಗಳನ್ನು ಬಿಡಿಸಿ ನೋಡಿದರು, ಕೀಲುಗಳು ಹೇಗೆ ತಿರುಗುತ್ತವೆಂದು ಎಕ್ಸ್‌ರೇ ಚಲನಚಿತ್ರ ತೆಗೆದು ನೋಡಿದರು, ಅಸ್ಥಿರಜ್ಜುವಿನ ಎಳೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು.

ಅಲ್ಲಿ ಕಂಡದ್ದೇನು!

ಮೊದಲ ಬೆರಗು: ಪಾದದ ಕೀಲುಗಳು ಒಂದೊಂದಾಗಿ ತಿರುಗುವುದೇ ಇಲ್ಲ, ಎಲ್ಲ ಒಟ್ಟಿಗೇ ತಿರುಗುತ್ತವೆ. ಬೀಸುವ ಕಲ್ಲಿನ ನಡುಗೂಟ ಅಲುಗದೆ ನಿಂತರೆ ತಾನೇ ಮೇಲಿನ ಕಲ್ಲು ಅದರ ಸುತ್ತ ತಿರುಗುವುದು? ಪಾದದಲ್ಲಿ ಆ ಗೂಟ ಟೇಲಸ್ ಎಂಬ ಮೂಳೆ. ಕಾಲಗಿಣ್ಣಿನ ಮುಂದೆ, ಹೊರಬದಿಯಲ್ಲಿ ಅದರ ತಲೆ ಬೆರಳಿಗೆ ಸಿಗುತ್ತದೆ. ಅಲ್ಲಿ ಹೆಬ್ಬೆರಳಿಟ್ಟು ಅದನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಪಾದದ ಮುಂಭಾಗವನ್ನು ಹೊರಕ್ಕೆ ನಡೆಸಿದರೆ ಉಳಿದ ಮೂಳೆಗಳೆಲ್ಲ ಅದರ ಸುತ್ತ ಹೊರಳುತ್ತವೆ. ಹಿಮ್ಮಡಿಯನ್ನು ಮುಟ್ಟುವ ಹಾಗೇ ಇಲ್ಲ. ಮುಟ್ಟದೆಯೇ ಅದು ತಾನಾಗಿ ಹೊರಕ್ಕೆ ಸರಿದು ನೇರವಾಗುತ್ತದೆ! ಕೈಟ್ ಹೆಬ್ಬೆರಳಿಡುತ್ತಿದ್ದದ್ದು ಇನ್ನೂ ಮುಂದಿನ ಒಂದು ಕೀಲಿನ ಮೇಲೆ. ಅಲ್ಲಿ ಒತ್ತಿದರೆ ಹಿಮ್ಮಡಿಯ ದಾರಿಗೇ ಅಡ್ಡ ನಿಂತಂತಾಗುತ್ತದೆ. ಕೂಸಿನ ಪಾದದಲ್ಲಿ ಆ ಎರಡು ಜಾಗಗಳ ನಡುವಿನ ದೂರ ಎಷ್ಟು ಮಹಾ? ಅಷ್ಟು ಸಣ್ಣ ಅಂತರ ಎರಡು ವರ್ಷದ ಚಿಕಿತ್ಸೆಯನ್ನು ಎರಡು ತಿಂಗಳಿಗಿಳಿಸಿತು.

ಎರಡನೆಯ ಬೆರಗು: ಬಿಗಿದ ಅಸ್ಥಿರಜ್ಜುವಿನಲ್ಲಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಸಣ್ಣ ಸಣ್ಣ ಅಲೆಗಳಾಗಿ ಕಾಣುತ್ತವೆ. ಮೆಲ್ಲಗೆ ಎಳೆದರೆ ಅಲೆ ಮಾಯವಾಗಿ ಎಳೆ ನೇರವಾಗುತ್ತದೆ. ಹಾಗೇ ಹಿಡಿದಿಟ್ಟರೆ ಕೆಲವು ದಿನಗಳಲ್ಲಿ ಹೊಸ ಉದ್ದದಲ್ಲಿ ಮತ್ತೆ ಅಲೆ ಮೂಡುತ್ತದೆ, ಮತ್ತೊಮ್ಮೆ ಎಳೆಯಲು ಜಾಗವಾಗುತ್ತದೆ. ವಾರಕ್ಕೊಂದು ಪ್ಲಾಸ್ಟರ್ ಯಾಕೆಂದರೆ ಇದಕ್ಕೇ! ಒಂದೆರಡು ನಿಮಿಷ ಮೃದುವಾಗಿ ತಿರುಗಿಸುವುದು, ಗಳಿಸಿದಷ್ಟನ್ನು ಪ್ಲಾಸ್ಟರ್‌ನಲ್ಲಿ ಹಿಡಿದಿಡುವುದು, ಎಳೆಗಳಿಗೆ ವಾರ ಕಾಲ ಕೊಡುವುದು. ಬಲ ಹಾಕಿದರೆ ಹರಿದು ಕಲೆಗಟ್ಟುತ್ತದೆ. ಕಾದರೆ ಅದೇ ಹಿಗ್ಗುತ್ತದೆ.

ಮೊದಲ ಪ್ಲಾಸ್ಟರ್‌ನಲ್ಲಿ ಪಾದವನ್ನು ಇನ್ನೂ ಒಳಕ್ಕೆ ಹೊರಳಿಸಿದ್ದು ಯಾಕೆಂದು ಈಗ ಅರ್ಥವಾಗುತ್ತದೆ. ಸೊಟ್ಟಪಾದದಲ್ಲಿ ಮುಂಭಾಗ ಹಿಂಭಾಗದಷ್ಟು ಒಳಕ್ಕೆ ಹೊರಳಿರುವುದಿಲ್ಲ. ಆ ವ್ಯತ್ಯಾಸದಿಂದಲೇ ಅಂಗಾಲಿನಲ್ಲಿ ಕಮಾನು ಏಳುತ್ತದೆ. ಮುಂಭಾಗವನ್ನು ಹಿಂಭಾಗಕ್ಕೆ ಸರಿಹೊಂದಿಸಿ ಇಡೀ ಪಾದವನ್ನು ಒಂದೇ ಸಾಲಿಗೆ ತಂದರೆ, ಎರಡನೇ ವಾರದಿಂದ ಎಲ್ಲವೂ ಒಟ್ಟಿಗೆ ಹೊರಕ್ಕೆ ಹೊರಳಬಲ್ಲವು. ಕೊನೆಯ ಪ್ಲಾಸ್ಟರ್ ಹೊತ್ತಿಗೆ ಪಾದ 60ರಿಂದ 70 ಡಿಗ್ರಿಯಷ್ಟು ಹೊರಮುಖವಾಗಿರುತ್ತದೆ.

ಕೊನೆಗೆ ಉಳಿಯುವುದು ಮೇಲಕ್ಕೆ ಜಗ್ಗಿದ ಹಿಮ್ಮಡಿ. ಆತುರಪಟ್ಟು ಅದನ್ನು ಮೊದಲೇ ಒತ್ತಿದರೆ ಪಾದ ನಡುವಿನಲ್ಲಿ ಮುರಿದು ಅಂಗಾಲು ಹೊರಗುಬ್ಬುತ್ತದೆ. ಹಾಗಾಗಿ ಅದರ ಸರದಿ ಕಟ್ಟಕಡೆಗೆ. ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವನ್ನು ಸ್ಥಳೀಯ ಅರಿವಳಿಕೆ ಕೊಟ್ಟು, ಸೂಜಿಮೊನೆಯಷ್ಟು ಗಾಯದೊಳಗಿಂದ ಪೂರ್ತಿ ಕತ್ತರಿಸುತ್ತಾರೆ. ಕತ್ತರಿಸುವುದೇ? ನಡೆಯಲು, ಓಡಲು, ಜಿಗಿಯಲು ಬೇಕಾದ ದೇಹದ ಅತಿ ದಪ್ಪ ಸ್ನಾಯುರಜ್ಜುವನ್ನು? ಹೌದು! ಅದು ಮೂರು ವಾರದಲ್ಲಿ ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ, ಈ ಸಲ ಬೇಕಾದಷ್ಟು ಉದ್ದಕ್ಕೆ. ಆ ಮೂರು ವಾರ ಕೊನೆಯ ಪ್ಲಾಸ್ಟರ್.

ಯಾರೂ ಕಿವಿಗೊಡದ ದಶಕಗಳು

ಪೊನ್ಸೆಟಿ ಈ ಕೆಲಸ ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಗತ್ತು ಗಮನಿಸಲಿಲ್ಲ! 1980ರಲ್ಲಿ ಮತ್ತೊಂದು ವರದಿ. ಆಗಲೂ ಅಷ್ಟೆ. 1995ರಲ್ಲಿ ಅಯೋವಾದ ವೈದ್ಯರಾದ ಕೂಪರ್ ಮತ್ತು ಡೀಟ್ಜ್, ಪೊನ್ಸೆಟಿ ಚಿಕಿತ್ಸೆ ಕೊಟ್ಟಿದ್ದ ಹಳೆಯ ಕೂಸುಗಳನ್ನು ಹುಡುಕಿ ತೆಗೆದರು. ಸರಾಸರಿ 34 ವರ್ಷದ 45 ಮಂದಿ, 71 ಪಾದಗಳು. ಅವರಲ್ಲಿ ನೂರಕ್ಕೆ 78 ಮಂದಿಯ ಪಾದಗಳು ಚೆನ್ನಾಗಿದ್ದವು. ಹುಟ್ಟಿನಿಂದ ಯಾವ ದೋಷವೂ ಇರದ ಅದೇ ವಯಸ್ಸಿನವರಲ್ಲಿ ಆ ಸಂಖ್ಯೆ 85. ಇಷ್ಟು ಹತ್ತಿರ!

1990ರ ದಶಕದ ಕೊನೆಯಲ್ಲಿ ಇಂಟರ್ನೆಟ್ ಬಂದಾಗ ದೊಡ್ಡ ಆಪರೇಷನ್‌ಗೆ ಒಪ್ಪದ ತಂದೆತಾಯಂದಿರು ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸಿದರು. ವೈದ್ಯರು ಕಿವಿಗೊಡದೆ ಇದ್ದದ್ದಕ್ಕೆ ಹೆತ್ತವರು ಕಿವಿಗೊಟ್ಟರು. ನಿವೃತ್ತರಾಗಿದ್ದ ಪೊನ್ಸೆಟಿ ಮತ್ತೆ ಕೆಲಸಕ್ಕೆ ಬಂದಿದ್ದರು, ಮಕ್ಕಳು ಅಯೋವಾಕ್ಕೆ ಹರಿದುಬಂದವು. 2004ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 157 ಮಕ್ಕಳ 256 ಪಾದಗಳಲ್ಲಿ ನೂರಕ್ಕೆ 98 ಪ್ಲಾಸ್ಟರ್ ವಿಧಾನಕ್ಕೇ ಮಣಿದಿದ್ದವು.

ಉಗಾಂಡಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಡಾ. ಶಫೀಕ್ ಪಿರಾನಿ ಇದನ್ನು ಮರಳಿ ಉಗಾಂಡಾಕ್ಕೆ ಒಯ್ದರು. ಅಲ್ಲಿ ಮೂಳೆ ಸರ್ಜನ್‌ಗಳು ಬೆರಳೆಣಿಕೆಯಷ್ಟು. ಹಾಗಾಗಿ ವೈದ್ಯರಲ್ಲದ ಆರೋಗ್ಯಾಧಿಕಾರಿಗಳಿಗೇ ಪ್ಲಾಸ್ಟರ್ ಕಲಿಸಿದರು, ಅವರ ಕೈಯಲ್ಲೂ ಪಾದಗಳು ನೇರವಾದವು! ಆರು ಲಕ್ಷಣ ನೋಡಿ, ಒಂದೊಂದಕ್ಕೆ ಸೊನ್ನೆ, ಅರ್ಧ ಅಥವಾ ಒಂದು ಅಂಕ ಕೊಡುವ ಪಿರಾನಿ ಅಳತೆ ಇಂದು ಹಲವು ದೇಶಗಳ ಪ್ಲಾಸ್ಟರ್ ಕೋಣೆಗಳಲ್ಲಿದೆ. ಆರು ಎಂದರೆ ಅತಿ ಸೊಟ್ಟ, ಸೊನ್ನೆ ಎಂದರೆ ನೇರ. ವಾರ ವಾರವೂ ಅಂಕ ಇಳಿಯುವುದನ್ನು ತಾಯಿಯೂ ಚೀಟಿಯಲ್ಲಿ ನೋಡಬಹುದು.

ಪೊನ್ಸೆಟಿ 2009ರ ಅಕ್ಟೋಬರ್ 18ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಜೂನ್ 3 ಈಗ ವಿಶ್ವ ಕ್ಲಬ್‌ಫುಟ್ ದಿನ.

ಗೆಲ್ಲುವುದು ರಾತ್ರಿಗಳಲ್ಲಿ

ಪಾದ ನೇರವಾಯಿತು, ಕಥೆ ಮುಗಿಯಿತು ಎಂದುಕೊಂಡರೆ ಎಡವಿದಂತೆ. ಪಾದಕ್ಕೆ ಹಳೆಯ ತಿರುವಿನತ್ತ ಮರಳುವ ಸೆಳೆತವಿದೆ. ಅಸ್ಥಿರಜ್ಜುಗಳನ್ನು ಬಿಗಿಸಿ ಪಾದವನ್ನು ತಿರುಗಿಸಿದ ಕೊಲ್ಯಾಜನ್‌ನ ಅತಿ ಉತ್ಪತ್ತಿ ಮೂರು–ನಾಲ್ಕು ವರ್ಷದವರೆಗೂ ಪೂರ್ತಿ ನಿಲ್ಲುವುದಿಲ್ಲ ಎಂಬುದು ಪೊನ್ಸೆಟಿ ಅವರ ವಿವರಣೆ. ಅದಕ್ಕೇ ಬ್ರೇಸ್: ಒಂದು ಪಟ್ಟಿಯ ಎರಡು ತುದಿಗೆ ಎರಡು ಪುಟ್ಟ ಶೂ. ಸೊಟ್ಟಗಿದ್ದ ಪಾದ 60ರಿಂದ 70 ಡಿಗ್ರಿ, ಸರಿಯಿದ್ದದ್ದು 30ರಿಂದ 40 ಡಿಗ್ರಿ ಹೊರಮುಖ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ನಿದ್ದೆಗೂ ಹಗಲು ನಿದ್ದೆಗೂ, ನಾಲ್ಕು–ಐದು ವರ್ಷ ತುಂಬುವವರೆಗೆ. ಹಗಲಿಡೀ ಮಗು ಆಡಬಹುದು, ಓಡಬಹುದು.

ಮೊದಲೆರಡು ರಾತ್ರಿ ಕೂಸು ರಂಪ ಮಾಡುತ್ತದೆ. ಎರಡು ಕಾಲನ್ನೂ ಒಟ್ಟಿಗೆ ಮಡಚಿ ಒಟ್ಟಿಗೆ ಚಾಚುವುದನ್ನು ಕಲಿಸಿಬಿಟ್ಟರೆ ಒಗ್ಗಿಹೋಗುತ್ತದೆ. ಕಷ್ಟವಾಗುವುದು ಮನೆಯವರಿಗೆ. ಪಾದ ನೋಡಿದರೆ ಚೆನ್ನಾಗಿಯೇ ಇದೆ, ಮಗುವಿಗೆ ಯಾಕಮ್ಮಾ ಈ ಹಿಂಸೆ ಎಂದು ಅಜ್ಜಿಯ ಕರುಳು ಚುರುಕ್ ಎನ್ನುತ್ತದೆ, ಬ್ರೇಸ್ ಅಟ್ಟ ಸೇರುತ್ತದೆ. ಪಾದ ಮತ್ತೆ ತಿರುಗುವುದಕ್ಕೆ ಅತಿ ದೊಡ್ಡ ಕಾರಣವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದು ಇದನ್ನೇ. ವೈದ್ಯರ ಕೈ ಆರೇಳು ವಾರಗಳಲ್ಲಿ ಮಾಡಿದ್ದನ್ನು ಕಾಯುವವರು ತಾಯಿ, ತಂದೆ, ಅಜ್ಜಿ. ಈ ಚಿಕಿತ್ಸೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಇದೇ: ಇದರ ಬಹುಪಾಲು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯ ಹಾಸಿಗೆಯಲ್ಲಿ! ಒಂದು ವೇಳೆ ಪಾದ ಮರಳಿ ತಿರುಗಿದರೂ ದಾರಿ ಮುಚ್ಚಿಲ್ಲ. ಮತ್ತೆ ಕೆಲವು ಪ್ಲಾಸ್ಟರ್. ಎರಡೂವರೆ ವರ್ಷ ದಾಟಿದ ಕೆಲವು ಮಕ್ಕಳಿಗೆ ಪಾದವನ್ನು ಒಳಕ್ಕೆಳೆಯುವ ಒಂದು ಸ್ನಾಯುರಜ್ಜುವಿನ ಜಾಗ ಬದಲಿಸುವ ಆಪರೇಷನ್.

ಮೀನಖಂಡ ತುಸು ಸಣ್ಣಗೇ ಉಳಿಯುತ್ತದೆ, ಒಂದೇ ಕಾಲಿಗೆ ತೊಂದರೆಯಿದ್ದರೆ ಆ ಪಾದವೂ ಕೊಂಚ ಚಿಕ್ಕದು. ಅಷ್ಟೇ. ಸೊಟ್ಟಪಾದದೊಂದಿಗೆ ಹುಟ್ಟಿದ ಕ್ರಿಸ್ಟಿ ಯಮಗುಚಿ 1992ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡಿ ಚಿನ್ನ ಗೆದ್ದರು. ಅಮೆರಿಕದ ಫುಟ್‌ಬಾಲ್ ತಾರೆ ಮಿಯಾ ಹ್ಯಾಮ್ ಅವರೂ ಹೀಗೇ ಹುಟ್ಟಿದವರು!

ನಮ್ಮಲ್ಲಿ ಏನು ಮಾಡಬೇಕು? ಕೂಸಿಗೆ ಎರೆಯುವಾಗ ಪಾದವನ್ನೊಮ್ಮೆ ದಿಟ್ಟಿಸಿ ನೋಡಿ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸಲೀಸಾಗಿ ನೇರವಾಗುವ ಪಾದ ಗರ್ಭದಲ್ಲಿ ಮಲಗಿದ್ದ ಭಂಗಿಯಿಂದ ಬಾಗಿದ್ದು. ಅದು ಸರಿಹೋಗುತ್ತದೆ, ಆದರೂ ವೈದ್ಯರಿಗೆ ತೋರಿಸಿ. ಬಿಗಿಯಾಗಿ ನಿಂತು ನೇರವಾಗಲೊಲ್ಲದ ಪಾದಕ್ಕೆ ಎಣ್ಣೆ ನೀವಿ ಕಾಯುತ್ತಾ ಕೂತರೆ ಅಮೂಲ್ಯವಾದ ವಾರಗಳು ಕೈಬಿಡುತ್ತವೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫುಟ್ ಇದೆ, ಚಿಕಿತ್ಸೆ ಉಚಿತ. ಪ್ಲಾಸ್ಟರ್ ಹಾಕಿಸಿದ ಮೇಲೆ ಬೆರಳುಗಳ ಮೇಲೆ ಕಣ್ಣಿರಲಿ: ಅವು ಊದಿಕೊಂಡರೆ, ನೀಲಿಗಟ್ಟಿದರೆ, ಬಿಳಿಚಿದರೆ, ಅಥವಾ ಪ್ಲಾಸ್ಟರ್ ಜಾರಿ ಬೆರಳೇ ಒಳಗೆ ಹೋದರೆ ಮುಂದಿನ ವಾರದವರೆಗೆ ಕಾಯಬೇಡಿ, ಅಂದೇ ಓಡಿ. ವರ್ಷ ದಾಟಿದ ಮಗುವಾದರೂ ತಡವಾಯಿತೆಂದು ಕೈಚೆಲ್ಲಬೇಕಿಲ್ಲ. ಪ್ಲಾಸ್ಟರ್ ನಾಲ್ಕಾರು ಹೆಚ್ಚಾಗಬಹುದು, ಪಾದ ಮಣಿಯುತ್ತದೆ. ಆದರೆ ಬೇಗ ಹೋದಷ್ಟೂ ಹಗುರ. ಕೂಸಿಗೆ ಹೆಸರಿಡುವ ಹೊತ್ತಿಗೆ ಮೊದಲ ಪ್ಲಾಸ್ಟರ್ ಬಿದ್ದಿರಲಿ. ತೊಟ್ಟಿಲ ಶಾಸ್ತ್ರವನ್ನು ಪ್ಲಾಸ್ಟರ್ ಕಾಲಲ್ಲೇ ಮಾಡಿ. ನೆಂಟರು ಏನಿದು ಎಂದು ಕೇಳುತ್ತಾರೆ, ಕೇಳಲಿ. ಹೇಳಿದರೆ ಇನ್ನೊಂದು ಮನೆಗೂ ಸುದ್ದಿ ಮುಟ್ಟುತ್ತದೆ.